ಕಾಗೆ ಕುಕ್ಕಿದ ತಲೆ

ಕಾಗೆಗೆ ಬೇಕಾಗಿದ್ದದ್ದು ನಿಪ್ಪಟ್ಟು. ಅದರ ಕೊಕ್ಕಿಗೆ ಮೊದಲು ಸಿಕ್ಕಿದ್ದು ಕೋದಂಡರಾಮಪ್ಪನ ನಡುನೆತ್ತಿ.

ತಪ್ಪು ಕಾಗೆಯದು ಎನ್ನುವಂತಿರಲಿಲ್ಲ. ಕೋದಂಡರಾಮಪ್ಪ ಮುನ್ನೆಚ್ಚರಿಕೆಯ ಮನುಷ್ಯ. ಅಂತರಗಂಗೆ ಬೆಟ್ಟದ ಕೋತಿಗಳನ್ನು ನೆನೆದು ಅವನಿಗೆ ವಾರದಿಂದ ಸರಿಯಾಗಿ ನಿದ್ದೆ ಇರಲಿಲ್ಲ. ಭಾನುವಾರ ಬೆಳಿಗ್ಗೆ ಬೆಟ್ಟದ ಮೇಲಿನ ತೇರಹಳ್ಳಿಯ ಹೊರಗೆ ಒಂದು ಬಂಡೆಯ ಮೇಲೆ ಕೂತು, ಹೆಂಡತಿ ಕಟ್ಟಿಕೊಟ್ಟಿದ್ದ ನಿಪ್ಪಟ್ಟನ್ನು ಇನ್ನೇನು ಬಾಯಿಗಿಡಬೇಕು, ಎದುರಿಗೆ ಒಂದು ಕೋತಿ ಕಂಡಿತು. ಅದು ಇವನ ಕಡೆ ನೋಡುತ್ತಲೂ ಇರಲಿಲ್ಲ. ಮರಿಯ ತಲೆಯಲ್ಲಿ ಹೇನು ಹುಡುಕುತ್ತಿತ್ತು. ಆದರೂ ಕೋದಂಡರಾಮಪ್ಪ ನಿಪ್ಪಟ್ಟು ಹಿಡಿದ ಕೈಯನ್ನು ತಲೆಯ ಮೇಲಕ್ಕೆ ಎತ್ತಿದ. ಕೋತಿಗೆ ಎಟುಕದ ಜಾಗ ಕಾಗೆಗೆ ಎಟುಕುತ್ತದೆ ಎಂಬುದು ಅವನ ಯೋಚನೆಗೇ ಬಂದಿರಲಿಲ್ಲ.

ಟಪ್ ಎಂದು ಸದ್ದಾಯಿತು. ನೆತ್ತಿಗೆ ಯಾರೋ ಮೊಳೆ ಹೊಡೆದ ಹಾಗಾಯಿತು. ಕಣ್ಣು ಬಿಡುವಷ್ಟರಲ್ಲಿ ಕೈಯಲ್ಲಿ ನಿಪ್ಪಟ್ಟಿನ ಚೂರು, ಆಕಾಶದಲ್ಲಿ ಕಾಗೆ.

"ಭೇಷ್! ಬಾವ, ನಿನ್ ತಲೆ ಒಳಗೆ ಏನಾದ್ರೂ ಇದೆಯಾ ಅಂತ ತಟ್ಟಿ ನೋಡ್ತು ಅಷ್ಟೆ. ಸದ್ದು ಕೇಳಿ ಖಾಲಿ ಅಂತ ಗೊತ್ತಾಗಿ ಹೊರಟೋಯ್ತು" ಎಂದು ಗಂಗುಲಪ್ಪ ಬಿದ್ದು ಬಿದ್ದು ನಕ್ಕ.

ಗಂಗುಲಪ್ಪ ಅವನ ಬಾಮೈದ. ಕೋಲಾರದಲ್ಲಿ ಸೈಕಲ್ ಅಂಗಡಿ. ಅಂಗಡಿಯ ಹಿಂದಿನ ಕೋಣೆಯಲ್ಲಿ ವಾಸ, ಅಕ್ಕ ಆದಿಲಕ್ಷ್ಮಿಯ ಮನೆಯಲ್ಲಿ ಊಟ. ಮದುವೆಯಿಲ್ಲ, ಚಿಂತೆಯಿಲ್ಲ, ಬಾಯಿ ತೆರೆದರೆ ಹಾಡು, ಇಲ್ಲದಿದ್ದರೆ ತಮಾಷೆ. ಶನಿವಾರ ಮಧ್ಯಾಹ್ನ ಬೆಟ್ಟ ಹತ್ತಿ, ಮೇಲೇ ಮಲಗಿ, ಭಾನುವಾರ ಇಳಿದು ಬರುವ ಈ ಸಾಹಸದ ಯೋಚನೆ ಅವನದೇ. ಬೆನ್ನಿಗೆ ಹಾಕಿಕೊಳ್ಳುವ ಚೀಲಗಳೂ ಅವನದೇ ಕೈಕೆಲಸ: ಗೋಣಿತಾಟಿನ ಚೀಲ, ಹಳೇ ಸೈಕಲ್ ಟ್ಯೂಬಿನ ಪಟ್ಟಿ. ಒಂದೊಂದು ಹೆಜ್ಜೆಗೂ ಚೀಲ ಮೇಲಕ್ಕೆದ್ದು ಹಿಂಬದಿಗೆ ಬಡಿಯುತ್ತಿತ್ತು. ಹಿಂದಿನಿಂದ ಯಾರೋ ಒದೆಯುತ್ತ ಬೆಟ್ಟ ಹತ್ತಿಸುತ್ತಿದ್ದಾರೆ ಅಂತಲೇ ಕೋದಂಡರಾಮಪ್ಪನಿಗೆ ದಾರಿಯುದ್ದಕ್ಕೂ ಅನ್ನಿಸಿತ್ತು.

ಅವನಿಗೆ ಬರುವ ಮನಸ್ಸೇ ಇರಲಿಲ್ಲ. "ಮಕ್ಕಳು ರಜೆಗೆ ಸುಗಟೂರಿಗೆ ನಿಮ್ಮಮ್ಮನ ಮನೆಗೆ ಹೋಗಿದಾವೆ. ನೀವು ಮೂಲೇಲಿ ಕೂತು ಚಾವಣಿ ನೋಡೋದು ನನ್ ಕೈಲಿ ನೋಡೋಕಾಗಲ್ಲ. ಹೋಗ್ ಬನ್ರಿ" ಎಂದು ಆದಿಲಕ್ಷ್ಮಿಯೇ ದಬ್ಬಿದ್ದಳು. ಹೀಗೆ ಬಂದವನು ಈಗ ಮೋಡ ಕವಿದ ಆಕಾಶದ ಕೆಳಗೆ ತಲೆ ಹಿಡಿದು ಕೂತಿದ್ದ. ಮಳೆ ಬರುವ ಮೋಡವೂ ಅಲ್ಲ ಅದು, ಸುಮ್ಮನೆ ಮುಖ ಊದಿಸಿಕೊಂಡ ಮೋಡ.

ನಗದೆ ಇದ್ದವನು ಮೂರನೆಯವನು, ದೊಡ್ಡಮುನಿಯಪ್ಪ. ಮಾಲೂರಿನ ಹೆಂಚಿನ ಕಾರ್ಖಾನೆಯಲ್ಲಿ ಕೋದಂಡರಾಮಪ್ಪ ಟೈಂಕೀಪರ್, ದೊಡ್ಡಮುನಿಯಪ್ಪ ಹೆಂಚು ಸುಡುವ ಗೂಡಿನ ಮೇಸ್ತ್ರಿ. ಇಬ್ಬರಿಗೂ ಬೆಳಿಗ್ಗೆ ಒಂದೇ ಬಸ್ಸು, ಸಂಜೆ ಒಂದೇ ಬಸ್ಸು. ದೊಡ್ಡಮುನಿಯಪ್ಪ ಗೂಡಿನ ಬಾಗಿಲಿನಷ್ಟು ಅಗಲದ ಆಳು. ಅವನು ಹತ್ತಿರ ಬಂದು ಕೋದಂಡರಾಮಪ್ಪನ ನೆತ್ತಿಯ ಕೂದಲು ಸರಿಸಿ ನೋಡಿ, ನಾಲಿಗೆ ಲೊಚಗುಟ್ಟಿದ.

"ಕಾಗೆ ತಲೆ ಮೇಲೆ ಕೂತ್ಕೊಂತಾ? ಕುಕ್ತಾ?"

"ಏನೋ ವ್ಯತ್ಯಾಸ?" ಎಂದ ಕೋದಂಡರಾಮಪ್ಪ.

"ವ್ಯತ್ಯಾಸ ಇದೆ ಕಣಯ್ಯ. ತಡಿ, ದೊಡ್ಡೋರನ್ನ ಕೇಳೋಣ."

ದೊಡ್ಡೋರು ಅಂದರೆ ಆಂಜಿನಮ್ಮ. ಹಿಂದಿನ ದಿನ ಅವರಿಗೆ ಮುದ್ದೆ, ಹುರುಳಿಸಾರು ಹಾಕಿ, ಜಗುಲಿಯ ಮೇಲೆ ಮಲಗಲು ಚಾಪೆ ಕೊಟ್ಟಿದ್ದ ಮುದುಕಿ. ಕುರಿಗಳಿಗೆ ಸೊಪ್ಪು ಹಾಕುತ್ತಿದ್ದವಳು ಕೈ ಒರೆಸಿಕೊಂಡು, ಕೋದಂಡರಾಮಪ್ಪನ ತಲೆಯನ್ನು ಸಂತೆಯಲ್ಲಿ ಕುಂಬಳಕಾಯಿ ನೋಡುವ ಹಾಗೆ ತಿರುಗಿಸಿ ನೋಡಿದಳು.

"ಅಯ್ಯೋ ನಾಯನಾ! ರಕ್ತ ಬಂದೈತಲ್ಲೋ. ರೆಕ್ಕೆ ಬಡಿದ್ರೆ ತಲೆಗೆ ನೀರು ಹಾಕ್ಕೊಂಡ್ರೆ ಸಾಕು. ಕೂತ್ರೆ ಎಳ್ಳೆಣ್ಣೆ ದೀಪ ಹಚ್ಚಬೇಕು. ಕುಕ್ಕಿದ್ರೆ..." ಎಂದು ನಿಲ್ಲಿಸಿ, ಕುರಿಯ ಕಡೆ ನೋಡಿದಳು.

"ಕುಕ್ಕಿದ್ರೆ?"

"ಸಾವು ಕಣಪ್ಪ."

ಕೋದಂಡರಾಮಪ್ಪ ಸಂಜೆ ಕಾಲೇಜಿನಲ್ಲಿ ಓದಿ ಬಿ.ಎ. ಮಾಡಿದವನು. ಇಂಥದ್ದನ್ನೆಲ್ಲ ನಂಬಬಾರದು ಎಂದು ಅವನಿಗೆ ಗೊತ್ತಿತ್ತು. ಆದರೆ ಸಂಜೆ ಕಾಲೇಜಿಗೆ ಹೋಗುವ ಮೊದಲು ಅವನು ಹಗಲೆಲ್ಲ ಸುಗಟೂರಿನಲ್ಲೇ ಬೆಳೆದಿದ್ದ. "ಇದೆಲ್ಲ ಮೂಢನಂಬಿಕೆ ಅಮ್ಮ" ಎಂದು ಹೇಳಿ, ಉಸಿರು ಎಳೆದುಕೊಂಡು, "ಪರಿಹಾರ ಏನು?" ಎಂದು ಕೇಳಿದ.

ಪರಿಹಾರ ಆ ಸೀಮೆಯವರಿಗೆಲ್ಲ ಗೊತ್ತಿದ್ದದ್ದೇ. ಕಾಗೆಯಿಂದ ಕುಕ್ಕಿಸಿಕೊಂಡವನು ಸತ್ತುಹೋದ ಅಂತ ಬೇಕಾದವರಿಗೆ ಸುಳ್ಳು ಸುದ್ದಿ ಮುಟ್ಟಿಸಬೇಕು. ಅವರು ನಿಜವೆಂದೇ ನಂಬಿ ಅಳಬೇಕು. ಕಣ್ಣೀರು ಬಿತ್ತೋ, ಸತ್ತ ಲೆಕ್ಕ ಅಲ್ಲಿಗೆ ಚುಕ್ತಾ. ಯಮ ಬಂದ ದಾರಿಯಲ್ಲೇ ವಾಪಸ್ಸು.

"ಒಂದ್ ಹನಿ ನೆಲಕ್ಕೆ ಬಿದ್ರೆ ಸಾಕು" ಎಂದಳು ಆಂಜಿನಮ್ಮ. "ಆದ್ರೆ ಹೊತ್ತು ಮುಳುಗೋದ್ರೊಳಗೆ ಬೀಳಬೇಕು. ಮತ್ತೆ ಅಳೋರಿಗೆ ಇದು ಸುಳ್ಳು ಅಂತ ಗೊತ್ತಿರಬಾರದು. ಗೊತ್ತಿದ್ದು ಅತ್ರೆ ಉಪ್ಪುನೀರು ಅಷ್ಟೆ."

"ಅಷ್ಟೇ ತಾನೇ? ಸುಗಟೂರಿಗೆ ಹೋಗಿ ನಿಮ್ಮಮ್ಮಂಗೆ ಹೇಳಿದ್ರಾಯ್ತು. ಒಂದ್ ಹನಿ ಯಾಕೆ, ಕೆರೆ ಕೋಡಿ ಬೀಳೋ ಹಂಗೆ ಅಳ್ತಾರೆ" ಎಂದ ದೊಡ್ಡಮುನಿಯಪ್ಪ.

"ಅಮ್ಮಂಗೆ ಬೇಡ. ಅವಳ ಎದೆ ಗಟ್ಟಿ ಇಲ್ಲ. ಅವಳಿಗೆ ಹೇಳಿದ್ರೆ ನನ್ ಸಾವು ತಪ್ಪುತ್ತೆ, ಅವಳದು ತಪ್ಪಲ್ಲ. ಮಕ್ಕಳೂ ಅಲ್ಲೇ ಇದಾವೆ."

"ಹಂಗಾದ್ರೆ ನಿನ್ ಹೆಂಡ್ತಿ."

ಕೋದಂಡರಾಮಪ್ಪ ನೆತ್ತಿ ಸವರಿಕೊಂಡ. ಆದಿಲಕ್ಷ್ಮಿ ಅಳುತ್ತಾಳಾ? ಮದುವೆಯ ದಿನ ಹೆಣ್ಣು ಒಪ್ಪಿಸಿಕೊಡುವಾಗ ಅವಳ ಕಡೆಯವರೆಲ್ಲ ಅತ್ತರು, ಇವನೂ ಅತ್ತ, ಅವಳು ಮಾತ್ರ ಸಾಮಾನಿನ ಗಾಡಿಗೆ ಹಗ್ಗ ಸರಿಯಾಗಿ ಕಟ್ಟಿದ್ದಾರಾ ನೋಡುತ್ತಿದ್ದಳು. ಈರುಳ್ಳಿ ಹೆಚ್ಚುವಾಗಲೂ ಅವಳ ಕಣ್ಣು ಒಣಗಿದ ಬಾವಿ. ಕಾಗೆ ಕುಕ್ಕಿದ್ದಕ್ಕಿಂತ ಈ ಪ್ರಶ್ನೆ ಈಗ ಹೆಚ್ಚು ನೋಯತೊಡಗಿತು.

"ಬಿಡ್ರೋ, ಒಂದ್ ನಿಪ್ಪಟ್ಟಿಗೆ ಇಷ್ಟೊಂದು ರಾಮಾಯಣ. ನಡೀರಿ ಕೆಳಗೆ" ಎಂದ ಗಂಗುಲಪ್ಪ. ಕೋದಂಡರಾಮಪ್ಪ ನಿಪ್ಪಟ್ಟಿನ ಗಂಟನ್ನು ಮುಟ್ಟಲೂ ಒಲ್ಲೆನೆಂದ. "ಕೊಡು ಇಲ್ಲಿ, ನಮ್ಮಕ್ಕ ಮಾಡಿದ್ದು" ಎಂದು ಗಂಗುಲಪ್ಪನೇ ಅದನ್ನು ಚೀಲದ ಮೇಲೆ ಕಟ್ಟಿಕೊಂಡು, ಒಂದನ್ನು ಕಡಿಯುತ್ತ, ಹಾಡುತ್ತ ಹೊರಟ.

ಇಳಿಯುವ ದಾರಿಯಲ್ಲಿ ಎರಡು ಹೆಬ್ಬಂಡೆಗಳ ನಡುವೆ ನುಸುಳಿ ಬರಬೇಕಾದ ಒಂದು ಸಂದು ಇತ್ತು. ದೊಡ್ಡಮುನಿಯಪ್ಪ ಮೊದಲು ನುಗ್ಗಿ, ನಡುವಿನಲ್ಲಿ ಸಿಕ್ಕಿಕೊಂಡು, ಕೊನೆಗೆ ಬಿರಡೆ ಕಿತ್ತ ಹಾಗೆ ಆಚೆ ಬಿದ್ದ. ಅವನ ಹಿಂದೆ ಕೋದಂಡರಾಮಪ್ಪ ತಲೆಯನ್ನು ಎರಡೂ ಕೈಯಲ್ಲಿ ಮುಚ್ಚಿಕೊಂಡು ತೆವಳಿದ. ಹಿಂದಿನಿಂದ ಪಟಪಟ ಅಂತ ಏನೋ ಸದ್ದು, ಆಮೇಲೆ ಗಂಗುಲಪ್ಪನ "ಅಬ್ಬಾ!"

"ಏನಾಯ್ತೋ?"

"ಏನಿಲ್ಲ ಬಾವ. ಬಂಡೆ ತಗುಲ್ತು."

ಗಂಗುಲಪ್ಪ ಆಚೆ ಬಂದಾಗ ತಲೆಗೆ ಟವೆಲ್ ಸುತ್ತಿಕೊಂಡಿದ್ದ. "ಬಿಸಿಲು" ಎಂದ. ಬಿಸಿಲು ಎಲ್ಲಿದೆ ಎಂದು ಕೇಳುವಷ್ಟು ಸಮಾಧಾನ ಕೋದಂಡರಾಮಪ್ಪನಿಗೆ ಇರಲಿಲ್ಲ. ಅಲ್ಲಿಂದ ಮುಂದೆ ಗಂಗುಲಪ್ಪ ಹಾಡಲೂ ಇಲ್ಲ. ಬಾವನ ಕಷ್ಟ ಕೊನೆಗೂ ಅವನ ಮನಸ್ಸಿಗೆ ತಟ್ಟಿತು ಎಂದುಕೊಂಡು ಕೋದಂಡರಾಮಪ್ಪನಿಗೆ ಸ್ವಲ್ಪ ಸಮಾಧಾನವೇ ಆಯಿತು.

ಬೆಟ್ಟದ ಕೆಳಗೆ, ಕಲ್ಲು ಬಸವನ ಬಾಯಿಂದ ನೀರು ಬೀಳುವ ಕಲ್ಯಾಣಿಯ ಹತ್ತಿರ ಬರುವಾಗ, ಮೆಟ್ಟಿಲು ಹತ್ತಿ ಬರುತ್ತಿದ್ದ ಒಬ್ಬರನ್ನು ಕಂಡು ದೊಡ್ಡಮುನಿಯಪ್ಪ ಗಕ್ಕನೆ ನಿಂತ.

"ಲೇ, ನಮ್ಮ ಹೆಡ್ ಕ್ಲಾರ್ಕು! ಹೆಂಡ್ತಿ ಜೊತೆ ಪೂಜೆಗೆ ಬಂದವ್ರೆ. ಅವಿತುಕೊಳ್ಳೋ, ಅವಿತುಕೊ. ಇವರ ಹತ್ರಾನೇ ಒಂದ್ ಹನಿ ಹಾಕಿಸ್ಬಿಡ್ತೀನಿ. ನಿನ್ ಹೆಂಡ್ತಿಗೆ ಹೇಳೋ ಕಷ್ಟಾನೇ ಇರಲ್ಲ."

ಕೋದಂಡರಾಮಪ್ಪ ಮಂಟಪದ ಕಂಬದ ಹಿಂದೆ ಸೇರಿಕೊಂಡ. ಹೆಡ್ ಕ್ಲಾರ್ಕು ಚನ್ನರಾಯಪ್ಪನವರು ಒಂದೇ ಕೋಣೆಯಲ್ಲಿ ಎದುರು ಮೇಜಿನಲ್ಲಿ ಕೂರುವವರು. ವರ್ಷಗಟ್ಟಲೆ ಡಬ್ಬಿಯ ಉಪ್ಪಿನಕಾಯಿ ಹಂಚಿಕೊಂಡವರು. ಅಳಬಹುದು. ಅಳಲೇಬೇಕು.

ದೊಡ್ಡಮುನಿಯಪ್ಪ ತನ್ನ ಅಗಲವಾದ ಮುಖವನ್ನು ಆದಷ್ಟು ಉದ್ದ ಮಾಡಿಕೊಂಡ. "ಸಾರ್, ನಮ್ಮ ಕೋದಂಡರಾಮಪ್ಪ ಹೋಗ್ಬಿಟ್ಟ ಸಾರ್. ಬೆಟ್ಟದಲ್ಲಿ ಕಾಲು ಜಾರಿ... ನನ್ ಕಣ್ಣೆದುರಿಗೇ..."

"ಆಂ!" ಎಂದರು ಚನ್ನರಾಯಪ್ಪ. ಕೈಯಲ್ಲಿದ್ದ ತೆಂಗಿನಕಾಯಿ ಜಾರಿ ಒಂದು ಮೆಟ್ಟಿಲು ಉರುಳಿತು. ಕಂಬದ ಹಿಂದೆ ಕೋದಂಡರಾಮಪ್ಪ ಉಸಿರು ಹಿಡಿದ. ಈಗ ಬೀಳುತ್ತದೆ ಹನಿ, ಈಗ.

"ಅಯ್ಯೋ ಪಾಪ" ಎಂದರು ಚನ್ನರಾಯಪ್ಪ, ತೆಂಗಿನಕಾಯಿ ಎತ್ತಿಕೊಂಡು ಒಡೆದಿಲ್ಲವೆಂದು ಖಚಿತ ಮಾಡಿಕೊಳ್ಳುತ್ತ. "ಒಳ್ಳೇ ಮನುಷ್ಯ. ಬೀರುವಿನ ಬೀಗದ ಕೈ ಅವನ ಹತ್ರಾನೇ ಇತ್ತಲ್ಲಯ್ಯ? ಜೇಬಲ್ಲಿ ನೋಡಿದ್ಯಾ?"

"ಯಾರ್ರೀ ಅದು ಕೋದಂಡರಾಮಪ್ಪ?" ಎಂದರು ಅವರ ಹೆಂಡತಿ.

"ಅದೇ ಕಣೇ, ನಮ್ಮ ಗೃಹಪ್ರವೇಶಕ್ಕೆ ಬಂದಿದ್ನಲ್ಲ, ಮಾತಾಡ್ದೆ ಊಟ ಮಾಡ್ಕೊಂಡು ಹೋದೋನು."

"ತುಂಬಾ ಜನ ಮಾತಾಡ್ದೇನೇ ಊಟ ಮಾಡಿದ್ರಪ್ಪ" ಎಂದು ಆಕೆ ಯೋಚಿಸಿದರು. ನೆನಪಾಗಲಿಲ್ಲ.

"ಅವನ ಜಾಗ ಕಿಟಕಿ ಪಕ್ಕ" ಎಂದರು ಚನ್ನರಾಯಪ್ಪ ನಿಧಾನವಾಗಿ. ಆಮೇಲೆ ಹೆಂಡತಿಯ ಕಡೆ ತಿರುಗಿ, ದನಿ ತಗ್ಗಿಸಿ, "ನಿನ್ ತಮ್ಮ ಮನೇಲಿ ಸುಮ್ನೆ ಕೂತಿದಾನಲ್ಲ... ಟೈಂಕೀಪರ್ ಕೆಲಸ ಅಂದ್ರೆ ಏನು ಮಹಾ, ಗಡಿಯಾರ ನೋಡೋಕೆ ಬಂದ್ರೆ ಸಾಕು. ನಡಿ, ಪೂಜೆ ಇನ್ನೊಂದ್ ದಿನ ಮಾಡ್ಸೋಣ. ಕಾರ್ಖಾನೆ ಸಾಹುಕಾರರು ಊರಲ್ಲೇ ಇದಾರೆ. ಬೇರೆಯೋರು ಹೋಗೋಕ್ ಮುಂಚೆ ಹೋಗ್ಬೇಕು."

ಇಬ್ಬರೂ ಬಂದ ಮೆಟ್ಟಿಲನ್ನೇ ಇಳಿದು ಹೋದರು. ಆಕೆಯಂತೂ ಬರುವಾಗಿನದಕ್ಕಿಂತ ಚುರುಕಾಗಿ ಇಳಿದರು. "ಸಾರ್, ಸಾರ್" ಎಂದು ದೊಡ್ಡಮುನಿಯಪ್ಪ ಕೂಗಿದ್ದು ನೀರಿನ ಸದ್ದಿನಲ್ಲಿ ಅಡಗಿಹೋಯಿತು.

ಕೋದಂಡರಾಮಪ್ಪ ಕಂಬದ ಹಿಂದಿನಿಂದ ಬಂದು, ಕಲ್ಲು ಬಸವನ ಪಕ್ಕ ಕೂತ. ಸತ್ತವನಿಗೆ ಸಿಗುವ ಮೊದಲ ಮರ್ಯಾದೆ ಬೀಗದ ಕೈಯ ವಿಚಾರಣೆ ಎಂದು ಅವನಿಗೆ ಗೊತ್ತಿರಲಿಲ್ಲ. ಅವನು ಜೇಬು ಮುಟ್ಟಿ ನೋಡಿಕೊಂಡ. ಬೀಗದ ಕೈ ಇತ್ತು. ಅಭ್ಯಾಸಬಲ.

"ಸುಳ್ಳು ಅಂತ ಹೇಳೋಕೂ ಬಿಡ್ಲಿಲ್ವಲ್ಲೋ" ಎಂದು ದೊಡ್ಡಮುನಿಯಪ್ಪ ತಲೆ ಕೆರೆದುಕೊಂಡ. "ನಾಳೆ ಹೇಳಿದ್ರಾಯ್ತು ಬಿಡು."

"ನಾಳೆ ನಾನ್ ಇದ್ರೆ" ಎಂದ ಕೋದಂಡರಾಮಪ್ಪ.

ಆಗ ಗಂಗುಲಪ್ಪ ಮುಂದೆ ಬಂದ. ತಲೆಯ ಟವೆಲ್ಲನ್ನು ಬಿಗಿ ಮಾಡಿಕೊಳ್ಳುತ್ತ, ಅವನೆಂದೂ ಆಡದ ಗಂಭೀರ ದನಿಯಲ್ಲಿ ಹೇಳಿದ: "ಬಾವ, ಇನ್ನು ತಡ ಮಾಡೋದ್ ಬೇಡ. ಅಕ್ಕನ ಹತ್ರ ನಾನೇ ಹೋಗ್ತೀನಿ. ಸುದ್ದಿ ಹೆಂಗ್ ಮುಟ್ಟಿಸ್ಬೇಕೋ ಹಂಗ್ ಮುಟ್ಟಿಸ್ತೀನಿ. ನೀನು ನನ್ ಅಂಗಡೀಲಿ ಬಾಗಿಲು ಹಾಕ್ಕೊಂಡು ಕೂತಿರು. ಸಂಜೆವರೆಗೂ ಯಾರ್ ಕಣ್ಣಿಗೂ ಬೀಳ್ಬೇಡ."

"ಇದನ್ನೆಲ್ಲ ನಂಬಲ್ಲ ಅಂತಿದ್ಯಲ್ಲೋ?"

"ನಂಬೋದು ಬಿಡೋದು ಬೇರೆ. ಜೀವದ ವಿಷಯ ಬಾವ ಇದು" ಎಂದ ಗಂಗುಲಪ್ಪ. ಅವನ ತುಟಿ ನಡುಗುತ್ತಿತ್ತು.

ಕೋದಂಡರಾಮಪ್ಪನಿಗೆ ಎದೆ ತುಂಬಿ ಬಂತು. ಇಷ್ಟು ವರ್ಷ ಈ ಹುಡುಗನನ್ನು ಹಗುರ ಅಂದುಕೊಂಡಿದ್ದೆನಲ್ಲ ಎಂದು ಮನಸ್ಸಿನಲ್ಲೇ ಕ್ಷಮೆ ಕೇಳಿಕೊಂಡ. "ಅವಳಿಗೆ ಮೆತ್ತಗೆ ಹೇಳೋ. ಕೂರಿಸಿ ಹೇಳು. ಅತ್ತ ತಕ್ಷಣ ನಿಜ ಹೇಳ್ಬಿಡು. ಜಾಸ್ತಿ ಹೊತ್ತು ಅಳಿಸ್ಬೇಡ" ಎಂದ. ಗಂಗುಲಪ್ಪ ಆಗಲೇ ಮೆಟ್ಟಿಲುಗಳನ್ನು ಹಾರಿಕೊಂಡು ಇಳಿಯುತ್ತಿದ್ದ.

ಸೈಕಲ್ ಅಂಗಡಿಯ ಒಳಗೆ ಕತ್ತಲು. ಮೇಲಿಂದ ತೂಗುಬಿದ್ದ ಟೈರುಗಳು ಯಮನ ಪಾಶದ ಹಾಗೆ ಅಲ್ಲಾಡುತ್ತಿದ್ದವು. ದೊಡ್ಡಮುನಿಯಪ್ಪ ಚೀಲವನ್ನು ತಲೆಯಡಿಗೆ ಇಟ್ಟುಕೊಂಡು ಉರುಳಿದವನು ಉರುಳಿದ ಹಾಗೇ ಗೊರಕೆ ಹೊಡೆದ. ಕೋದಂಡರಾಮಪ್ಪ ಗಾಳಿ ಪಂಪಿನ ಪಕ್ಕ ಮೊಣಕಾಲು ಅಪ್ಪಿಕೊಂಡು ಕೂತ. ಸತ್ತ ಮೇಲೂ ಹೀಗೇ ಇರಬಹುದೇನೋ ಅನ್ನಿಸಿತು: ಬಾಗಿಲ ಈಚೆ ತಾನು, ಆಚೆ ಲೋಕ ತನ್ನ ಪಾಡಿಗೆ ಗಂಟೆ ಬಾರಿಸಿಕೊಂಡು ಓಡಾಡುವುದು.

ಯೋಚನೆಗಳು ಒಂದರ ಬಾಲ ಹಿಡಿದು ಒಂದು ಬಂದವು. ಅವಳು ಅಳದೇ ಹೋದರೆ? ಸುದ್ದಿ ಕೇಳಿ, "ಹೌದಾ" ಎಂದು ಹೇಳಿ, ಒಲೆಯ ಮೇಲಿನ ಹಾಲು ಇಳಿಸಲು ಹೋದರೆ? ಅವಳ ತಪ್ಪಾದರೂ ಏನು? ಅಳುವಂಥದ್ದು ತಾನೇನು ಮಾಡಿದ್ದೇನೆ? ಸಂಬಳ ತಂದುಕೊಟ್ಟಿದ್ದೇನೆ, ಛತ್ರಿ ಮರೆಯದೆ ವಾಪಸ್ಸು ತಂದಿದ್ದೇನೆ. ಛತ್ರಿ ಮರೆಯದ ಗಂಡನಿಗಾಗಿ ಎದೆ ಬಡಿದುಕೊಂಡು ಅತ್ತ ಹೆಂಗಸು ಎಲ್ಲಾದರೂ ಇದ್ದಾಳೆಯೇ?

ಬಾಗಿಲ ಆಚೆ ಯಾರೋ ಇಬ್ಬರು ನಿಂತ ಸದ್ದಾಯಿತು.

"ಅಂಗಡಿ ಯಾಕೋ ತೆಗೆದಿಲ್ಲ?"

"ನಿಂಗೊತ್ತಿಲ್ವಾ? ಆದಿಲಕ್ಷ್ಮಮ್ಮನ ಮನೇಲಿ ಸಾವಂತೆ. ಬೆಟ್ಟಕ್ಕೆ ಹೋದೋರು..."

"ಅಯ್ಯಯ್ಯೋ! ಎಂಥ ಒಳ್ಳೇ ಮನುಷ್ಯ ಕಣಯ್ಯ. ಯಾವಾಗ ಸಿಕ್ಕಿದ್ರೂ ನಗ್‌ನಗ್ತಾ ಮಾತಾಡ್ಸೋನು. ಛೆ."

ಕೋದಂಡರಾಮಪ್ಪನಿಗೆ ಕಿವಿ ನಂಬಲಾಗಲಿಲ್ಲ. ತಾನು ಯಾವಾಗ ನಗುನಗುತ್ತ ಮಾತನಾಡಿಸಿದೆ? ಒಂದು ವೇಳೆ ತನಗೆ ಗೊತ್ತಿಲ್ಲದೆ ತನ್ನ ಮುಖ ನಗುತ್ತಿತ್ತೇ? ಹೊರಗೆ ಯಾರೋ ಮೂಗು ಸೀಟಿಕೊಂಡ ಸದ್ದು ಕೇಳಿಸಿತು. ಶೀತವೂ ಇರಬಹುದು, ದುಃಖವೂ ಇರಬಹುದು. ಅಂತೂ ಸುದ್ದಿ ಮನೆ ಮುಟ್ಟಿದೆ. ಇನ್ನು ಕೂತಿರುವುದು ಅವನಿಂದಾಗಲಿಲ್ಲ. ತನ್ನ ಟವೆಲ್ಲನ್ನು ಮುಖಕ್ಕೆ ಮುಸುಕು ಹಾಕಿಕೊಂಡು, ಹಿಂದಿನ ಬಾಗಿಲಿಂದ ಹೊರಬಿದ್ದು, ಗೋಡೆಯ ಪಕ್ಕಕ್ಕೆ ಪಕ್ಕಕ್ಕೆ ಸರಿಯುತ್ತ ಮನೆಯ ಕಡೆ ನಡೆದ. ಮೋಡದಲ್ಲಿ ಸೂರ್ಯ ಎಲ್ಲಿದ್ದಾನೋ ಕಾಣಿಸುತ್ತಿರಲಿಲ್ಲ. ಹೊತ್ತು ಮುಳುಗಿತೋ ಇಲ್ಲವೋ ಹೇಳುವವರಿಲ್ಲ.

ವಠಾರದ ಬಾಗಿಲಿಗೆ ಬರುವಾಗಲೇ ಕೇಳಿಸಿತು. ಅಳು! ಸಣ್ಣ ಅಳುವಲ್ಲ, ಹೆಂಚು ಹಾರುವಂಥ ಅಳು. ಆದಿಲಕ್ಷ್ಮಿಯ ಗಂಟಲೇ ಅದು.

ಕೋದಂಡರಾಮಪ್ಪ ನೀರಿನ ತೊಟ್ಟಿಯ ಹಿಂದೆ ನಿಂತ. ಈ ಹೆಂಗಸನ್ನು ತಾನೇ ಒಣಗಿದ ಬಾವಿ ಅಂದುಕೊಂಡಿದ್ದು! ಇಷ್ಟು ವರ್ಷ ಪಕ್ಕದಲ್ಲೇ ಇದ್ದು ಇದೊಂದನ್ನು ತಿಳಿಯದೆ ಹೋದೆನಲ್ಲ. ನಾಳೆಯೇ ಅವಳಿಗೆ ಒಂದು ಮೈಸೂರು ರೇಷ್ಮೆ ಸೀರೆ, ಅಲ್ಲ, ಮುಂದಿನ ತಿಂಗಳು. ಅವನು ಕಣ್ಣು ಮುಚ್ಚಿಕೊಂಡು, ಹಬ್ಬದೂಟ ಉಣ್ಣುವವನಂತೆ ಆ ಅಳುವನ್ನು ಒಂದೊಂದೇ ಮಾತಾಗಿ ಸವಿದ.

"ಬಂಗಾರದಂಥೋನೇ... ಮನೆ ತುಂಬಾ ನಗಿಸ್ತಿದ್ದೋನೇ... ನಿನ್ ಹಾಡು ಇನ್ನೆಲ್ಲಿ ಕೇಳ್ಲೋ..."

ಹಾಡು? ಕೋದಂಡರಾಮಪ್ಪ ಕಣ್ಣು ಬಿಟ್ಟ. ತಾನು ಹಾಡಿದ್ದು ಶಾಲೆಯಲ್ಲಿ ಪ್ರಾರ್ಥನೆಗೆ, ಅದೂ ಎಲ್ಲರ ಜೊತೆ. ಇರಲಿ, ದುಃಖದಲ್ಲಿ ಒಂದೆರಡು ಗುಣ ಹೆಚ್ಚಾಗಿ ಬರುತ್ತವೆ.

"ಮದುವೆ ಮಾಡಿ ನೋಡ್ಬೇಕು ಅಂದ್ಕೊಂಡಿದ್ನಲ್ಲೋ... ಒಡಹುಟ್ಟಿದೋನೇ... ಗಂಗುಲೂ..."

ಕೋದಂಡರಾಮಪ್ಪ ಮುಸುಕು ಕಿತ್ತೆಸೆದು ಒಳಗೆ ನುಗ್ಗಿದ. ನಡುಮನೆಯಲ್ಲಿ ಆದಿಲಕ್ಷ್ಮಿ ಕೂದಲು ಕೆದರಿಕೊಂಡು ಕೂತಿದ್ದಳು. ಸುತ್ತ ವಠಾರದ ಹೆಂಗಸರು. ಅವಳ ಭುಜ ಹಿಡಿದುಕೊಂಡು ಪಕ್ಕದ ಮನೆಯ ವೆಂಕಟರತ್ನಮ್ಮ.

"ಬಂದ್ರಾ?" ಎಂದು ಆದಿಲಕ್ಷ್ಮಿ ಅವನನ್ನು ಕಂಡು ಚೀರಿದಳು. "ಅವನನ್ನ ಬಂಡೆ ಮೇಲಿಂದ ಬೀಳಿಸಿ ನೀವು ಕೈ ಬೀಸ್ಕೊಂಡು ಬಂದ್ರಾ? ಹೆಣ ತರೋಕೆ ಗಾಡಿ ಹುಡುಕ್ತಿದೀರ ಅಂದ್ರು. ಎಲ್ಲಿ ಗಾಡಿ? ಎಲ್ಲಿ ನನ್ ತಮ್ಮ?"

ಕೋದಂಡರಾಮಪ್ಪನಿಗೆ ಎಲ್ಲವೂ ಒಮ್ಮೆಗೇ ಹೊಳೆಯಿತು. ತನ್ನ ಸಲುವಾಗಿ ಗಂಗುಲಪ್ಪ ಆ ಮೆಟ್ಟಿಲುಗಳನ್ನು ಹಾರಿಕೊಂಡು ಇಳಿದನಲ್ಲ. ಜಾರಿದ್ದಾನೆ. ಕಾಗೆ ತನ್ನ ತಲೆಗೆ ತಂದ ಸಾವನ್ನು ಆ ಹುಡುಗ ಹೊತ್ತುಕೊಂಡು ಹೋದ. ತುಟಿ ನಡುಗುತ್ತಿತ್ತು ಅವನದು, ಕೊನೆಯ ಸಲ. ತಾನು ಅವನಿಗೆ ಹೇಳಿದ್ದೇನು? ಹುಷಾರಾಗಿ ಹೋಗು ಅಂತಲೂ ಹೇಳಲಿಲ್ಲ! ಎಲ್ಲದಕ್ಕೂ ಹುಷಾರು ಹೇಳುವವನು ಅದೊಂದಕ್ಕೆ ಹೇಳಲಿಲ್ಲ.

ಅವನು ಬಾಗಿಲ ಬಳಿಯೇ ಕುಸಿದು ಕೂತು, ತಲೆ ಚಚ್ಚಿಕೊಂಡು, "ಗಂಗುಲೂ" ಎಂದು ಅತ್ತ. ಕೆನ್ನೆಯ ಮೇಲಿಂದ ಧಾರೆಯಾಗಿ ಇಳಿದ ನೀರು ಕೆಂಪು ಗಾರೆಯ ನೆಲದ ಮೇಲೆ ತೊಟ್ಟು ತೊಟ್ಟಾಗಿ ಬಿತ್ತು. ಅಷ್ಟು ಕಣ್ಣೀರು ತನ್ನೊಳಗೆ ಇದೆ ಎಂದು ಅವನಿಗೇ ಗೊತ್ತಿರಲಿಲ್ಲ.

ವೆಂಕಟರತ್ನಮ್ಮ ಬಗ್ಗಿ ನೆಲ ನೋಡಿದರು. ಒದ್ದೆ ಜಾಗವನ್ನು ಬೆರಳಿನಿಂದ ಮುಟ್ಟಿ ನೋಡಿದರು. ಆಮೇಲೆ ಗೋಡೆಯ ಕಡೆ ತಿರುಗಿ ಗಟ್ಟಿಯಾಗಿ ಹೇಳಿದರು:

"ಬಾರಪ್ಪ ಆಚೆಗೆ. ಅಕ್ಕಂದೂ ಬಿತ್ತು, ಬಾವಂದೂ ಬಿತ್ತು. ಇನ್ನು ನೂರು ವರ್ಷ ನಿನ್ನ ಯಾರೂ ಮುಟ್ಟಲ್ಲ."

ವೆಂಕಟರತ್ನಮ್ಮನ ಅಡಿಗೆಮನೆಯಿಂದ ಗಂಗುಲಪ್ಪ ಬಂದ. ಟವೆಲ್ ಹೆಗಲ ಮೇಲಿತ್ತು, ತುಟಿಯ ಮೇಲೆ ಮಜ್ಜಿಗೆಯ ಮೀಸೆ.

ಆದಿಲಕ್ಷ್ಮಿ ಎದ್ದು, ತಮ್ಮನಿಗೆ ಪೊರಕೆಯಲ್ಲಿ ನಾಲ್ಕು ಬಿಟ್ಟು, ಅದೇ ಕೈಯಲ್ಲಿ ತಬ್ಬಿಕೊಂಡು, ಅತ್ತು, ನಕ್ಕಳು. ವಠಾರವೆಲ್ಲ ನಕ್ಕಿತು. ಕೋದಂಡರಾಮಪ್ಪ ಮಾತ್ರ ನೆಲದ ಮೇಲೆ ಕೂತೇ ಇದ್ದ.

"ಏನಿದು ಗಂಗುಲೂ?"

"ಬಾವ, ಬೈಬೇಡ. ಆ ಬಂಡೆ ಸಂದಿನಲ್ಲಿ ನನ್ ತಲೆಗೂ ಕುಕ್ತು. ನಿಪ್ಪಟ್ಟಿನ ಗಂಟು ನನ್ ಬೆನ್ನ ಮೇಲಿತ್ತಲ್ಲ. ನೋಡಿಲ್ಲಿ" ಎಂದು ಗಂಗುಲಪ್ಪ ನೆತ್ತಿ ತೋರಿಸಿದ. "ಏನ್ ಮಾಡ್ಲಿ? ಒಂದೇ ಮನೆಗೆ ಒಂದೇ ದಿನ ಎರಡು ಸಾವಿನ ಸುದ್ದಿ ತಂದ್ರೆ ಯಾರ್ ನಂಬ್ತಾರೆ? ಎರಡೂ ಕೆಟ್ಟೋಗುತ್ತೆ. ಅದಕ್ಕೆ ವೆಂಕಟರತ್ನಮ್ಮನೋರ ಕೈಲಿ ಮೊದ್ಲು ನನ್ದು ಹೇಳಿಸ್ದೆ. ನಿನ್ದು ನಾಳೆ ಹೇಳೋಣ ಅಂತ."

"ನಾಳೆ! ಹೊತ್ತು ಮುಳುಗೋದ್ರೊಳಗೆ ಅಂದಿದ್ರಲ್ಲೋ ಆಯಮ್ಮ!"

"ಹೌದಲ್ಲ" ಎಂದ ಗಂಗುಲಪ್ಪ. ಅದು ಅವನಿಗೆ ಈಗಷ್ಟೇ ನೆನಪಾದಂತಿತ್ತು. ತನ್ನ ಮಟ್ಟಿಗೆ ಅವನು ಅದನ್ನು ಚೆನ್ನಾಗಿಯೇ ನೆನಪಿಟ್ಟಿದ್ದ.

ಕೋದಂಡರಾಮಪ್ಪ ಎದ್ದು ಹೆಂಡತಿಯ ಹತ್ತಿರ ಹೋದ. "ಆದೀ, ನನ್ ತಲೆಗೂ ಕುಕ್ಕಿದೆ ಕಣೇ. ಮೊದ್ಲು ಕುಕ್ಕಿದ್ದೇ ನನಗೆ. ಇನ್ನೂ ಸ್ವಲ್ಪ ಬೆಳಕಿದೆ. ಈಗ ಹೆಂಗೂ ಅಳ್ತಿದ್ಯಲ್ಲ, ಅದರಲ್ಲೇ ಒಂದ್ ಹನಿ..."

ಆದಿಲಕ್ಷ್ಮಿಗೆ ಕರುಣೆ ಬಂತು. ಅವಳು ನಿಜವಾಗಿಯೂ ಪ್ರಯತ್ನಿಸಿದಳು. ಕಣ್ಣು ಮುಚ್ಚಿ, ಮೂಗು ಕೆಂಪಗೆ ಮಾಡಿಕೊಂಡು, "ನೀವು ಸತ್ತೋದ್ರಿ" ಎಂದು ಶುರು ಮಾಡಿ, ಒಂದು ಕಣ್ಣು ತೆರೆದು ಅವನ ಕಾತರದ ಮುಖ ನೋಡಿ, ಕಿಸಕ್ಕನೆ ನಕ್ಕುಬಿಟ್ಟಳು. "ಎದುರಿಗೇ ನಿಂತ್ಕೊಂಡು ಅಳು ಅಂದ್ರೆ ಹೆಂಗ್ರೀ ಅಳೋದು?" ವಠಾರದ ಹೆಂಗಸರೂ ಒಬ್ಬೊಬ್ಬರಾಗಿ ಪ್ರಯತ್ನಿಸಿದರು. ನಕ್ಕು ನಕ್ಕು ಅವರ ಕಣ್ಣಲ್ಲಿ ನೀರು ಬಂತು. ಅದು ಲೆಕ್ಕಕ್ಕಿಲ್ಲವೆಂದು ವೆಂಕಟರತ್ನಮ್ಮ ಹೇಳುವ ಅಗತ್ಯವೂ ಇರಲಿಲ್ಲ.

ಆಗ ಬಾಗಿಲಲ್ಲಿ ನೆರಳು ಬಿತ್ತು. ಚನ್ನರಾಯಪ್ಪನವರು. ಕೈಯಲ್ಲಿ ದೊಡ್ಡ ಸುಗಂಧರಾಜದ ಹಾರ. ಹಿಂದೆ ಹೊಸ ಷರಟು ಹಾಕಿ ತಲೆ ಬಾಚಿಕೊಂಡ ಅವರ ಬಾಮೈದ. ಅವರು ಗಂಟಲು ಸರಿಮಾಡಿಕೊಂಡು, "ಎಂಥ ಅನ್ಯಾಯ ಆಗೋಯ್ತಮ್ಮ. ಅವನ ಜಾಗ ತುಂಬೋಕೆ ಇನ್ನೊಬ್ಬರಿಂದ..." ಎಂದು ಹೇಳುತ್ತ ತಲೆ ಎತ್ತಿದರು.

ಎದುರಿಗೆ ಕೋದಂಡರಾಮಪ್ಪ ಕೈಮುಗಿದು ನಿಂತಿದ್ದ. "ಬನ್ನಿ ಸಾರ್, ಕೂತ್ಕೊಳ್ಳಿ. ಬೀಗದ ಕೈ ನನ್ ಹತ್ರಾನೇ ಇದೆ ಸಾರ್."

ಚನ್ನರಾಯಪ್ಪ ಹಾರದ ಸಮೇತ ಜಗುಲಿಯ ಮೇಲೆ ಕುಸಿದರು. ಒಮ್ಮೆ ಕೋದಂಡರಾಮಪ್ಪನನ್ನು ನೋಡಿದರು, ಒಮ್ಮೆ ಬಾಮೈದನ ಹೊಸ ಷರಟನ್ನು ನೋಡಿದರು. "ಸಾಹುಕಾರರು ಒಪ್ಪಿಬಿಟ್ಟಿದ್ರಲ್ಲಯ್ಯ" ಎಂದರು. "ನಾಳೆ ಬೆಳಿಗ್ಗೆಯಿಂದ್ಲೇ ಬರ್ಲಿ ಅಂದ್ರು. ಮನೇಲಿ ಆಗ್ಲೇ ಪಾಯಸ..." ಮಾತು ಅಲ್ಲಿಗೆ ನಿಂತಿತು. ಕೆಳತುಟಿ ಒಳಗೆ ಹೋಯಿತು. ಕನ್ನಡಕ ತೆಗೆದರು. ದಪ್ಪನೆಯ ಒಂದು ಹನಿ ಮೂಗಿನ ಪಕ್ಕದಿಂದ ಇಳಿದು, ಗಲ್ಲದ ತುದಿಯಲ್ಲಿ ಒಂದು ಗಳಿಗೆ ತೂಗಾಡಿ, ನೆಲಕ್ಕೆ ಬಿತ್ತು.

ಕೋದಂಡರಾಮಪ್ಪ ಅದನ್ನು ನೋಡಿದ. ತನಗಾಗಿ ಈ ಲೋಕದಲ್ಲಿ ಒಂದು ಹನಿ. ಹೊರಗೆ ಇನ್ನೂ ಮಬ್ಬು ಬೆಳಕಿತ್ತು. ಅವನು ಎದೆಯಲ್ಲಿ ಆಸೆ ಹೊತ್ತು ವೆಂಕಟರತ್ನಮ್ಮನ ಮುಖ ನೋಡಿದ.

ವೆಂಕಟರತ್ನಮ್ಮ ಬಗ್ಗಿ, ಹನಿಯನ್ನು ಪರೀಕ್ಷೆ ಮಾಡಿ, ತಲೆ ಅಲ್ಲಾಡಿಸಿದರು.

"ಇದು ನಡೆಯಲ್ಲಪ್ಪ. ಸತ್ತೋದೆ ಅಂತ ಅಳ್ಬೇಕಿತ್ತು. ಇವರು ಅಳ್ತಿರೋದು ನೀನು ಬದುಕಿದೀಯ ಅಂತ."